ಹಳ್ಳಿಯ ಶಾಲೆಗೆ ಒತ್ತಾಸೆ

ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನಲ್ಲಿ ಕೆ. ಹೊಸಕೋಟೆ ಎಂಬುದೊಂದು ಹೋಬಳಿ ಕೇಂದ್ರವಿದೆ. ಕೆಂಚಮ್ಮನ ಹೊಸಕೋಟೆ ಎಂಬುದು ಅದರ ಪೂರ್ಣನಾಮ. ಈ ಸೀಮೆಯಿಂದ ನೆರೆಯ ಸಕಲೇಶಪುರ ತಾಲ್ಲೂಕಿನತ್ತ ಸಾಗಿದಂತೆಲ್ಲ ನೆಲವು ಏರುತ್ತ ಇಳಿಯುತ್ತ ಹೋಗುತ್ತದೆ. ಏರಿನಲ್ಲಿ ಕಾಫಿ, ಮೆಣಸು, ಏಲಕ್ಕಿಯ ತೋಟಗಳು. ತಗ್ಗಿನಲ್ಲಿ ಭತ್ತದ ಗದ್ದೆಗಳು. ಬಯಲುಸೀಮೆಯ ಊರುಗಳಲ್ಲಿರುವಂತೆ ಇಲ್ಲಿ ಮನೆಗಳು ಒಂದಕ್ಕೊಂದು ಗೋಡೆ ತಾಗಿಸಿಕೊಂಡು ನಿಂತಿಲ್ಲ. ಗುಡ್ಡದ ಓರೆಯಲ್ಲಿ ನಾಲ್ಕು, ಹಳ್ಳದಾಚೆ ಎರಡು, ತೋಟದ ಲೈನಿನಲ್ಲಿ ಹತ್ತು – ಹೀಗೆ ಚದುರಿಕೊಂಡಿವೆ. ಮನೆಗಳು ಚದುರಿದರೆ ಮಕ್ಕಳೂ ಚದುರುವರು. ಆದುದರಿಂದ ಮಲೆನಾಡಿನ ಪ್ರಾಥಮಿಕ ಶಾಲೆ ಬಹುಮಟ್ಟಿಗೆ ಚಿಕ್ಕ ಶಾಲೆ. ಒಂದೆರಡು ಕೊಠಡಿ, ಒಬ್ಬರೋ ಇಬ್ಬರೋ ಉಪಾಧ್ಯಾಯರು, ಹತ್ತಿಪ್ಪತ್ತು ಮಕ್ಕಳು, ಮೇಲೆ ಮಂಗಳೂರು ಹೆಂಚಿನ ಮಾಡು. ಆ ಮಾಡಿನ ಮೇಲೆ ಜೂನ್ ತಿಂಗಳಿನಿಂದ ಮೂರು ನಾಲ್ಕು ತಿಂಗಳು ಬಿಡದೆ ಸುರಿಯುವ ಮಳೆ.

ಇಂಥ ಶಾಲೆಯೊಂದು ನಡೆಯಬೇಕಾದರೆ ಏನೇನು ಬೇಕು? ಕಟ್ಟಡ ಬೇಕು, ಪಾಠ ಹೇಳುವವರು ಬೇಕು, ಪುಸ್ತಕ ಬೇಕು, ಮಧ್ಯಾಹ್ನದ ಹೊಟ್ಟೆಗೆ ಅನ್ನ ಬೇಕು. ಇವುಗಳಲ್ಲಿ ದೊಡ್ಡ ಹೊರೆಯನ್ನು ಸರ್ಕಾರವೇ ಹೊತ್ತಿದೆ. 1987ರಲ್ಲಿ ಆರಂಭವಾದ ಕಪ್ಪುಹಲಗೆ ಕಾರ್ಯಾಚರಣೆ ಎಂಬ ಕೇಂದ್ರ ಯೋಜನೆಯು ಪ್ರತಿಯೊಂದು ಪ್ರಾಥಮಿಕ ಶಾಲೆಗೂ ಎಲ್ಲ ಋತುಗಳಿಗೂ ತಾಳುವ ಎರಡು ಕೊಠಡಿಗಳು ಮತ್ತು ಇಬ್ಬರು ಉಪಾಧ್ಯಾಯರು ಇರಬೇಕೆಂದು ಗುರಿಯಿಟ್ಟಿತು. ಕರ್ನಾಟಕದಲ್ಲಿ ಬಿಸಿಯೂಟದ ಅಕ್ಷರ ದಾಸೋಹ ಯೋಜನೆ 2002ರಲ್ಲಿ ತೊಡಗಿತು. ಹಾಲು ಕೊಡುವ ಕ್ಷೀರಭಾಗ್ಯ 2013ರಲ್ಲಿ ಬಂದಿತು. 2009ರ ಶಿಕ್ಷಣ ಹಕ್ಕು ಕಾಯಿದೆಯು 2010ರ ಏಪ್ರಿಲ್ 1ರಿಂದ ಜಾರಿಗೆ ಬಂದು, ಆರರಿಂದ ಹದಿನಾಲ್ಕು ವರ್ಷದ ಪ್ರತಿಯೊಂದು ಮಗುವಿಗೂ ಉಚಿತ ಶಿಕ್ಷಣವನ್ನು ಹಕ್ಕೆಂದು ಸಾರಿತು. ಕಾಫಿ ತೋಟಗಳ ಮಾತಿಗೆ ಬಂದರೆ, 1951ರ ತೋಟ ಕಾರ್ಮಿಕರ ಕಾಯಿದೆಯಲ್ಲಿಯೇ ಕಾರ್ಮಿಕರ ಮಕ್ಕಳ ಸಂಖ್ಯೆ ಇಪ್ಪತ್ತೈದನ್ನು ಮೀರಿದಲ್ಲಿ ಅವರ ವಿದ್ಯಾಭ್ಯಾಸಕ್ಕೆ ಮಾಲೀಕರಿಂದ ಏರ್ಪಾಡು ಮಾಡಿಸಲು ಅವಕಾಶವಿತ್ತು.

ಇಷ್ಟೆಲ್ಲ ಇದ್ದ ಮೇಲೆ ದಾನಿಗಳ ನೆರವಿಗೆ ಎಡೆಯೆಲ್ಲಿ ಎಂದು ಯಾರಾದರೂ ಕೇಳಬಹುದು. ಕೇಳತಕ್ಕ ಪ್ರಶ್ನೆಯೇ ಸರಿ. ಇದಕ್ಕೆ ಉತ್ತರವನ್ನು ಶಾಲೆಯ ಮಾಡಿನಲ್ಲಿಯೇ ಕಾಣಬಹುದು. ಗಾಳಿಗೋ ಕೋತಿಯ ಕಾಟಕ್ಕೋ ಒಂದು ಹೆಂಚು ಜಾರಿತೆಂದು ಭಾವಿಸೋಣ. ಒಂದು ಹೆಂಚಿನ ಬೆಲೆ ಎಷ್ಟು ಮಹಾ! ಆದರೆ ಅದನ್ನು ಕೂಡಲೆ ಹೊದಿಸದೆ ಹೋದರೆ ಆ ಸಂದಿಯಿಂದ ಇಳಿದ ನೀರು ರೀಪನ್ನು ಕೊಳೆಸುತ್ತದೆ. ರೀಪು ಕೊಳೆತರೆ ಅದರ ಮೇಲಿನ ಸಾಲೇ ಜಾರುತ್ತದೆ. ಎರಡು ಮಳೆಗಾಲ ಕಳೆಯುವುದರೊಳಗೆ ತೊಲೆ ಬಾಗಿ, ಗೋಡೆ ನೆನೆದು, ಆ ಕೊಠಡಿಗೆ ಬೀಗ ಬೀಳುತ್ತದೆ. ಶಾಲೆಗಳಿಗೆ ಕೊಡುವ ವಾರ್ಷಿಕ ಅನುದಾನವು ಮಕ್ಕಳ ಸಂಖ್ಯೆಯನ್ನು ಅನುಸರಿಸಿ ನಿಗದಿಯಾಗುತ್ತದೆ. ಮಕ್ಕಳು ಕಡಿಮೆಯಾದರೆ ಅನುದಾನ ಕಡಿಮೆ. ಮಾಡು ಮಾತ್ರ ಅಷ್ಟೇ ಅಗಲವಾಗಿರುತ್ತದೆ. ಮಳೆಯು ಮಕ್ಕಳ ತಲೆಯೆಣಿಸಿ ಸುರಿಯುವುದಿಲ್ಲ. ಇನ್ನು ದೊಡ್ಡ ದುರಸ್ತಿಯಾದರೋ ಅಂದಾಜುಪಟ್ಟಿ, ಮಂಜೂರಾತಿ, ಟೆಂಡರು ಎಂಬ ಮೆಟ್ಟಿಲುಗಳನ್ನು ಹತ್ತಿ ಬರಬೇಕು. ಸಣ್ಣ ಸಂಸ್ಥೆಗಳ, ಊರಿನ ಉಪಕಾರಿಗಳ ನೆರವಿಗೆ ಎಡೆಯಿರುವುದು ಈ ಸಂದಿಯಲ್ಲಿಯೇ. ಅವರು ಸರ್ಕಾರದ ಬದಲಿಗೆ ನಿಲ್ಲಲಾರರು, ನಿಲ್ಲಲೂ ಬಾರದು. ಸರ್ಕಾರದ ಪಕ್ಕದಲ್ಲಿ ನಿಂತು, ಅದರ ಕೈ ಬೇಗ ತಲುಪದ ಕಡೆಗೆ ತಮ್ಮ ಕೈ ಚಾಚಬಲ್ಲರು.

ಹೀಗೆ ಪಕ್ಕದಲ್ಲಿ ನಿಲ್ಲುವುದೆಂದರೆ ಏನೆಂಬುದನ್ನು ಕರ್ನಾಟಕದಲ್ಲಿ ಎಲ್ಲರಿಗಿಂತ ಚೆನ್ನಾಗಿ ತೋರಿಸಿಕೊಟ್ಟವರು ಸಂಸ್ಥೆಯಲ್ಲ, ಶ್ರೀಮಂತರೂ ಅಲ್ಲ. ಬುಟ್ಟಿಯಲ್ಲಿ ಕಿತ್ತಳೆ ಹೊತ್ತು ಮಾರುತ್ತಿದ್ದ ಹರೇಕಳ ಹಾಜಬ್ಬನವರು. ದಕ್ಷಿಣ ಕನ್ನಡ ಜಿಲ್ಲೆಯ ಹರೇಕಳ ಗ್ರಾಮದ ನ್ಯೂಪಡ್ಪು ಅವರ ಊರು. ಬಡತನದ ದೆಸೆಯಿಂದ ಅವರು ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಮಂಗಳೂರಿನ ಬಸ್ಸು ನಿಲ್ದಾಣದ ಆಸುಪಾಸಿನಲ್ಲಿ ಹಣ್ಣು ಮಾರುತ್ತಿದ್ದಾಗ ಒಂದು ದಿನ ಪರದೇಶದ ಪ್ರವಾಸಿಗಳು ಬಂದು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದರು. ಬ್ಯಾರಿ ಮತ್ತು ತುಳು ಭಾಷೆಗಳಲ್ಲಿ ವ್ಯವಹರಿಸುತ್ತಿದ್ದ ಹಾಜಬ್ಬನವರಿಗೆ ಪ್ರಶ್ನೆಯೇ ತಿಳಿಯಲಿಲ್ಲ. ಪ್ರವಾಸಿಗಳು ಹೊರಟುಹೋದರು. ಮಾರಾಟವಾಗದ ಒಂದು ಹಣ್ಣಿಗಾಗಿ ಅವರು ಕೊರಗಲಿಲ್ಲ; ತಮ್ಮೂರಿನ ಮಕ್ಕಳೂ ನಾಳೆ ಹೀಗೆಯೇ ಬಾಯಿಲ್ಲದವರಂತೆ ನಿಲ್ಲಬೇಕಾದೀತಲ್ಲ ಎಂದು ಕೊರಗಿದರು. ನ್ಯೂಪಡ್ಪುವಿನಲ್ಲಿ ಆಗ ಶಾಲೆಯಿರಲಿಲ್ಲ.

ಇಂಥ ಕೊರಗು ಬಂದವರು ಬಹಳ ಮಂದಿ ಇರಬಹುದು. ಕೊರಗನ್ನು ಕೆಲಸವಾಗಿ ಮಾರ್ಪಡಿಸಿದವರು ಕಡಿಮೆ. ಹಾಜಬ್ಬನವರು ಹಣ್ಣು ಮಾರಿ ಉಳಿಸಿದ ಚಿಲ್ಲರೆಯನ್ನು ಕೂಡಿಡುತ್ತ, ಬಿಡುವಾದಾಗಲೆಲ್ಲ ಕಛೇರಿಗಳಿಗೆ ಅಲೆಯುತ್ತ, ತಮ್ಮೂರಿಗೊಂದು ಸರ್ಕಾರಿ ಶಾಲೆ ಬೇಕೆಂದು ಬೇಡುತ್ತ ವರ್ಷಗಳನ್ನು ಕಳೆದರು. ಕೊನೆಗೆ 2000ದಲ್ಲಿ ಶಾಲೆಗೆ ಅನುಮತಿ ದೊರೆಯಿತು. ಕಟ್ಟಡವಿಲ್ಲದ್ದರಿಂದ ಊರಿನ ಮಸೀದಿಗೆ ಸೇರಿದ ಮದರಸಾದಲ್ಲಿಯೇ ಇಪ್ಪತ್ತೆಂಟು ಮಕ್ಕಳೊಡನೆ ತರಗತಿ ಆರಂಭವಾಯಿತು. ಆಮೇಲೆ 1.33 ಎಕರೆ ಜಾಗ ದೊರೆತು, ತಮ್ಮ ಉಳಿತಾಯ, ದಾನಿಗಳ ನೆರವು, ಸರ್ಕಾರದ ಹಣ ಎಲ್ಲವೂ ಕೂಡಿ ಕಟ್ಟಡ ಎದ್ದಿತು. ಪತ್ರಿಕೆಗಳಲ್ಲಿ ಈ ಸಂಗತಿ ಪ್ರಕಟವಾದ ಬಳಿಕ ಬಹುಮಾನಗಳು ಬಂದವು. ಬಹುಮಾನದ ಹಣವೂ ಶಾಲೆಗೇ ಸಂದಿತು. ಪ್ರಾಥಮಿಕ ಶಾಲೆ ಬೆಳೆದು ಪ್ರೌಢಶಾಲೆಯಾಯಿತು. 2020ರ ಜನವರಿಯಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನು ಘೋಷಿಸಿತು. 2021ರ ನವೆಂಬರಿನಲ್ಲಿ ಬರಿಗಾಲಿನಲ್ಲಿ ನಡೆದುಹೋಗಿ ಅವರು ರಾಷ್ಟ್ರಪತಿಗಳಿಂದ ಅದನ್ನು ಸ್ವೀಕರಿಸಿದರು. ಜನ ಅವರನ್ನು ಅಕ್ಷರಸಂತ ಎಂದು ಕರೆದರು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಕಿತ್ತಳೆ ಬುಟ್ಟಿಯನ್ನೂ ಬರಿಗಾಲನ್ನೂ ನೆನೆದು ನಿಲ್ಲಿಸಿಬಿಡುತ್ತಾರೆ. ಗಮನಿಸಬೇಕಾದ ಸಂಗತಿ ಬೇರೊಂದಿದೆ. ಹಾಜಬ್ಬನವರು ತಮ್ಮ ಹೆಸರಿನಲ್ಲೊಂದು ಖಾಸಗಿ ಶಾಲೆಯನ್ನು ತೆರೆಯಲಿಲ್ಲ. ಅವರು ಸರ್ಕಾರದಿಂದ ಶಾಲೆಯನ್ನು ಕೇಳಿ ಪಡೆದರು. ಕಿತ್ತಳೆಯ ಗಳಿಕೆಯಿಂದ ಒಂದು ಕೊಠಡಿಗೆ ಕಲ್ಲು ತರಬಹುದು. ಉಪಾಧ್ಯಾಯರಿಗೆ ತಿಂಗಳು ತಿಂಗಳು, ವರ್ಷ ವರ್ಷ ಸಂಬಳ ಕೊಡಲಾಗದು. ಆ ಭಾರ ಸರ್ಕಾರದ ಹೆಗಲಿನಲ್ಲಿಯೇ ಉಳಿದುದರಿಂದ ಅವರು ಕೂಡಿಸಿದ ಪ್ರತಿಯೊಂದು ರೂಪಾಯಿಯೂ ಕಟ್ಟಡಕ್ಕೆ, ಜಾಗಕ್ಕೆ ಸಲ್ಲುವಂತಾಯಿತು. ಅಕ್ಷರ ಬಾರದ ಆ ಮನುಷ್ಯನ ಲೆಕ್ಕಾಚಾರ ಎಷ್ಟೋ ಮಂದಿ ಲೆಕ್ಕಿಗರ ಲೆಕ್ಕಕ್ಕಿಂತ ಸರಿಯಾಗಿತ್ತೆಂದು ಒಪ್ಪಲೇಬೇಕು.

ಕೊಪ್ಪಳ ಜಿಲ್ಲೆಯ ಕುಣಿಕೇರಿಯ ಹುಚ್ಚಮ್ಮ ಚೌದ್ರಿಯವರ ದಾನವೂ ಇದೇ ಬಗೆಯದು. ಮಕ್ಕಳಿಲ್ಲದ ಆ ತಾಯಿ ತಮ್ಮ ಪಾಲಿನ ಎರಡು ಎಕರೆ ಭೂಮಿಯನ್ನು ಊರಿನ ಸರ್ಕಾರಿ ಶಾಲೆಗೆ ಕೊಟ್ಟರು. ಸುತ್ತಮುತ್ತ ಕಾರ್ಖಾನೆಗಳು ಬಂದು ಭೂಮಿಯ ಬೆಲೆ ಏರಿತ್ತು, ಮಾರಿದ್ದರೆ ಸುಖವಾಗಿರಬಹುದಿತ್ತು. ಅವರು ಮಾರಲಿಲ್ಲ. ಆ ಶಾಲೆಯಲ್ಲಿಯೇ ಬಿಸಿಯೂಟದ ಅಡುಗೆಯವರಾಗಿ ದುಡಿದರು. ತಾನು ಕೊಟ್ಟ ನೆಲದಲ್ಲಿ ನಿಂತು, ಮಕ್ಕಳಿಗೆ ಅನ್ನ ಬಡಿಸುತ್ತ, ದಾನ ಎಲ್ಲಿ ಹೋಯಿತೆಂಬುದನ್ನು ದಿನವೂ ಕಣ್ಣಾರೆ ಕಾಣುವ ಭಾಗ್ಯ ಎಷ್ಟು ದಾನಿಗಳಿಗುಂಟು?

ನೆರವು ಯಾವಾಗಲೂ ಹಣದ ರೂಪದಲ್ಲಿಯೇ, ನೆಲದ ರೂಪದಲ್ಲಿಯೇ ಇರಬೇಕೆಂಬುದಿಲ್ಲ. ಚಿಕ್ಕ ಶಾಲೆಯ ದೊಡ್ಡ ತೊಡಕು ಯಾವುದೆಂದರೆ ಒಬ್ಬರೇ ಉಪಾಧ್ಯಾಯರು ಹಲವು ತರಗತಿಗಳನ್ನು ಒಂದೇ ಕೊಠಡಿಯಲ್ಲಿ ನಡೆಸಬೇಕಾಗಿರುವುದು. ಒಂದನೆಯ ತರಗತಿಗೆ ಅಕ್ಷರ ತಿದ್ದಿಸುವಾಗ ಮೂರನೆಯ ತರಗತಿ ಏನು ಮಾಡಬೇಕು? ಈ ಪ್ರಶ್ನೆಗೆ ಆಂಧ್ರಪ್ರದೇಶದ ಮದನಪಲ್ಲಿಯ ಸಮೀಪದಲ್ಲಿರುವ ರಿಷಿವ್ಯಾಲಿ ಸಂಸ್ಥೆಯವರು ತಮ್ಮ ಸುತ್ತಲಿನ ಹಳ್ಳಿಗಳ ಪುಟ್ಟ ಶಾಲೆಗಳಲ್ಲಿ ಒಂದು ಉತ್ತರ ಕಂಡುಕೊಂಡಿದ್ದರು. ಪಾಠವನ್ನು ಚಿಕ್ಕ ಚಿಕ್ಕ ಕಾರ್ಡುಗಳಾಗಿ ವಿಂಗಡಿಸಿ, ಏಣಿಯ ಮೆಟ್ಟಿಲುಗಳಂತೆ ಜೋಡಿಸಿ, ಪ್ರತಿಯೊಂದು ಮಗುವೂ ತನ್ನ ವೇಗದಲ್ಲಿ ಹತ್ತುವಂತೆ ಮಾಡುವುದು ಆ ಪದ್ಧತಿ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳ ಉಪಾಧ್ಯಾಯರು ಅಲ್ಲಿಗೆ ಹೋಗಿ ನೋಡಿ ಬಂದರು. ಕನ್ನಡಕ್ಕೆ ಹೊಂದುವಂತೆ ತಾವೇ ಕುಳಿತು ಕಾರ್ಡುಗಳನ್ನು ರಚಿಸಿದರು. ಯುನಿಸೆಫ್ ಸಂಸ್ಥೆಯ ಬೆಂಬಲದೊಡನೆ 1995ರಲ್ಲಿ ಅಲ್ಲಿ ಮೊದಲಾದ ಆ ಕ್ರಮವೇ ನಲಿಕಲಿ. ಮುಂದೆ ಅದು ರಾಜ್ಯದ ಸರ್ಕಾರಿ ಶಾಲೆಗಳ ಕೆಳ ತರಗತಿಗಳಿಗೆಲ್ಲ ಹಬ್ಬಿತು. ಆಲೂರಿನ ಗುಡ್ಡಗಳ ನಡುವೆ ಒಂದೇ ಕೊಠಡಿಯಲ್ಲಿ ಕುಳಿತ ಮಕ್ಕಳಿಗೂ, ಎಲ್ಲಿಯೋ ಒಂದು ಕಣಿವೆಯಲ್ಲಿ ಕೆಲವೇ ಮಂದಿ ಮಾಡಿದ ಪ್ರಯೋಗಕ್ಕೂ ಹೀಗೆ ಸಂಬಂಧ ಏರ್ಪಟ್ಟಿತು. ನೂರು ಕಟ್ಟಡಗಳನ್ನು ಕಟ್ಟಿಸಿದರೂ ಇಷ್ಟು ದೂರ ಹೋಗುತ್ತಿರಲಿಲ್ಲವೇನೋ.

ಹಳ್ಳಿಯ ಶಾಲೆಗೆ ಹೊರಗಿನವರ ನೆರವು ಎಂಬ ವಿಚಾರ ಬಂದಾಗ ಆಫ್ರಿಕಾ ಖಂಡದ ಅನುಭವವನ್ನು ಬಿಡುವಂತಿಲ್ಲ. ಅಲ್ಲಿ ಇಂಥ ನೆರವಿನ ಒಳಿತು ಕೆಡುಕುಗಳೆರಡೂ ದೊಡ್ಡ ಪ್ರಮಾಣದಲ್ಲಿ ಪರೀಕ್ಷೆಗೊಳಗಾಗಿವೆ. ಕೀನ್ಯಾ ದೇಶವು 1963ರಲ್ಲಿ ಸ್ವತಂತ್ರವಾದಾಗ ಅದರ ನಾಯಕ ಜೋಮೋ ಕೆನ್ಯಾಟ ಅವರು ಜನತೆಗೆ ಕೊಟ್ಟ ಕರೆ ಹರಾಂಬೆ. ಸ್ವಾಹಿಲಿ ಭಾಷೆಯ ಈ ಮಾತಿಗೆ ಎಲ್ಲರೂ ಕೂಡಿ ಎಳೆಯೋಣ ಎಂದರ್ಥ. ತೇರೆಳೆಯುವ ನಾಡಿನವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಊರವರು ಹಣ, ಕಲ್ಲು, ಮರ, ಕೂಲಿ ಕೂಡಿಸಿ ನೂರಾರು ಶಾಲೆಗಳನ್ನು ಕಟ್ಟಿದರು. ಉತ್ಸಾಹವೇನೋ ಅಪಾರವಾಗಿತ್ತು. ಆದರೆ ಕಟ್ಟಡ ಎದ್ದ ವೇಗದಲ್ಲಿ ತರಬೇತಾದ ಉಪಾಧ್ಯಾಯರು ದೊರೆಯಲಿಲ್ಲ. ಹಲವು ಹರಾಂಬೆ ಶಾಲೆಗಳಲ್ಲಿ ಪಾಠದ ಮಟ್ಟ ಕುಸಿಯಿತು. ಊರವರು ಸರ್ಕಾರವನ್ನು ಉಪಾಧ್ಯಾಯರಿಗಾಗಿ ಬೇಡಬೇಕಾಯಿತು.

ದೂರದಿಂದ ಬಂದ ನೆರವು ದಾರಿ ತಪ್ಪಿದುದಕ್ಕೆ ಪ್ಲೇಪಂಪ್ ಎಂಬ ಯಂತ್ರದ ಕಥೆ ಪ್ರಸಿದ್ಧವಾಗಿದೆ. ಮಕ್ಕಳು ಕುಳಿತು ಸುತ್ತುವ ತಿರುಗಣೆಯೊಂದನ್ನು ಶಾಲೆಯ ಅಂಗಳದಲ್ಲಿ ನೆಟ್ಟು, ಅದಕ್ಕೆ ಕೊಳವೆಬಾವಿಯ ಪಂಪನ್ನು ಜೋಡಿಸಿದರೆ, ಮಕ್ಕಳು ಆಡಿದಂತೆಲ್ಲ ನೀರು ಮೇಲಿನ ತೊಟ್ಟಿಗೆ ಏರುವುದು – ಇದು ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಉಪಾಯ. ಕೇಳಿದವರೆಲ್ಲ ತಲೆದೂಗಿದರು. 2006ರಲ್ಲಿ ಅಮೆರಿಕದಿಂದ ಕೋಟ್ಯಂತರ ಡಾಲರುಗಳ ನೆರವು ಘೋಷಣೆಯಾಯಿತು. 2010ರೊಳಗೆ ನಾಲ್ಕು ಸಾವಿರ ಪಂಪುಗಳನ್ನು ನೆಡುವ ಗುರಿ ಹಾಕಿದರು. ಆದರೆ ಮಕ್ಕಳು ಸದಾ ಆಡುತ್ತಲೇ ಇರುವರೆ? ಶಾಲೆಯಿಲ್ಲದ ಹೊತ್ತಿನಲ್ಲಿ ನೀರು ಬೇಕಾದಾಗ ಹೆಂಗಸರು, ಮುದುಕಿಯರು ಆ ಭಾರದ ತಿರುಗಣೆಯನ್ನು ಕೈಯಿಂದಲೇ ತಳ್ಳಬೇಕಾಯಿತು. ಮೊದಲಿದ್ದ ಕೈಪಂಪನ್ನು ಒತ್ತುವುದೇ ಅದಕ್ಕಿಂತ ಹಗುರವಾಗಿತ್ತು. ಕೆಟ್ಟರೆ ಊರಿನಲ್ಲಿ ಸರಿಪಡಿಸಬಲ್ಲವರಿರಲಿಲ್ಲ. ಗುರಿ ಮುಟ್ಟುವ ಮೊದಲೇ ಆ ಕಾರ್ಯಕ್ರಮವನ್ನು ಕೈಬಿಡಲಾಯಿತು. ಕೊಟ್ಟವರಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. ನೀರು ಹೊರುವ ಹೆಂಗಸರನ್ನು ಒಂದು ಮಾತು ಕೇಳಿರಲಿಲ್ಲ, ಅಷ್ಟೆ.

ಇದಕ್ಕೆ ವ್ಯತಿರಿಕ್ತವಾದ ನಿದರ್ಶನ ಮಲಾವಿ ದೇಶದಲ್ಲಿದೆ. ಆ ಬಡ ದೇಶವು 1994ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತಗೊಳಿಸಿತು. ಸುಮಾರು 19 ಲಕ್ಷದಷ್ಟಿದ್ದ ವಿದ್ಯಾರ್ಥಿಗಳ ಸಂಖ್ಯೆ ಕೂಡಲೇ 30 ಲಕ್ಷದ ಸಮೀಪಕ್ಕೆ ಏರಿತು. ಕೊಠಡಿ ಸಾಲದೆ ಮಕ್ಕಳು ಮರದ ನೆರಳಿನಲ್ಲಿ ಕುಳಿತರು. ಹಸಿವು ತಾಳಲಾರದೆ ಹಲವರು ಶಾಲೆ ಬಿಟ್ಟರು. 2002ರಲ್ಲಿ ಕ್ಷಾಮ ಬಂದಿತು. ಆ ವರ್ಷ ಸ್ಕಾಟ್ಲೆಂಡಿನ ಒಂದು ಸಣ್ಣ ಧರ್ಮಸಂಸ್ಥೆ ಅಲ್ಲಿನ 200 ಮಕ್ಕಳಿಗೆ ಶಾಲೆಯಲ್ಲಿಯೇ ಊಟ ಕೊಡಲು ತೊಡಗಿತು. ಮೇರೀಸ್ ಮೀಲ್ಸ್ ಎಂಬ ಆ ಕಾರ್ಯದ ಕಛೇರಿ, ಸ್ಥಾಪಕರ ಮನೆಯ ಹಿತ್ತಲಿನ ತಗಡಿನ ಗುಡಿಸಲು. ಕೊಟ್ಟದ್ದಾದರೂ ಏನು? ಮೆಕ್ಕೆಜೋಳ ಮತ್ತು ಸೋಯಾ ಹಿಟ್ಟಿನ ಒಂದು ಲೋಟ ಗಂಜಿ. ಹಿಟ್ಟನ್ನು ಪರದೇಶದಿಂದ ತರಿಸಲಿಲ್ಲ, ಆ ದೇಶದ ರೈತರು ಬೆಳೆದ ಕಾಳಿನಿಂದಲೇ ಮಾಡಿಸಿದರು. ಬೇಯಿಸುವವರು ಆಯಾ ಊರಿನ ತಾಯಂದಿರು. ಸರದಿಯ ಮೇಲೆ ನಸುಕಿನಲ್ಲಿಯೇ ಬಂದು ಒಲೆ ಹೊತ್ತಿಸುವರು. ಊರವರು ಒಪ್ಪಿ ಮುಂದೆ ಬರದೆ ಯಾವ ಶಾಲೆಯಲ್ಲಿಯೂ ಊಟ ಆರಂಭಿಸುವುದಿಲ್ಲವೆಂಬುದು ಸಂಸ್ಥೆಯ ಕಟ್ಟುನಿಟ್ಟು. ಇನ್ನೂರು ಮಕ್ಕಳಿಂದ ಹೊರಟ ಆ ಊಟ 2021ರ ಹೊತ್ತಿಗೆ ಹಲವು ದೇಶಗಳ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ತಲುಪಿತು. ಹನಿಗೂಡಿದರೆ ಹಳ್ಳ ಎಂಬ ಮಾತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಲ್ಲಿ ಮೊಳ ಹಾಕಿದರು ಎಂಬ ಗಾದೆ ಕನ್ನಡದಲ್ಲಿದೆ. ದಾನವಾಗಿ ಬಂದುದನ್ನು ಅಳೆದು ನೋಡುವವನನ್ನು ಅದು ಹಳಿಯುತ್ತದೆ. ಶಾಲೆಯ ವಿಷಯದಲ್ಲಿ ಮಾತ್ರ ಮೊಳ ಹಾಕುವವರು ಇರಲೇಬೇಕು. ಬಂದ ನೆರವು ಬೇಕಾದುದೇ, ಸಾಲುವುದೇ, ನಾಳೆ ಅದನ್ನು ಕಾಯುವವರು ಯಾರು ಎಂದು ಅಳೆಯುವ ಅಧಿಕಾರ ಊರವರದು. ಕರ್ನಾಟಕದಲ್ಲಿ ಇದಕ್ಕಾಗಿಯೇ ಒಂದು ವ್ಯವಸ್ಥೆಯಿದೆ. ವಿಜ್ಞಾನಿ ರಾಜಾ ರಾಮಣ್ಣನವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಸಲಹೆಯಂತೆ 2001ರಲ್ಲಿ ಸರ್ಕಾರಿ ಶಾಲೆಗಳಿಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ರಚನೆಯಾದವು. ಮಕ್ಕಳ ತಂದೆತಾಯಿಗಳೇ ಇದರ ಸದಸ್ಯರು. ಕೂಲಿಯ ದಿನವನ್ನು ಬಿಟ್ಟು ಸಭೆಗೆ ಬರುವುದು ಎಲ್ಲರಿಗೂ ಸುಲಭವಲ್ಲವಾದುದರಿಂದ ಕೆಲವೆಡೆ ಈ ಸಮಿತಿ ಕಾಗದದ ಮೇಲೆಯೇ ಉಳಿದಿರುವುದೂ ಉಂಟು. ಸಮಿತಿ ಎಚ್ಚರವಾಗಿರುವಲ್ಲಿ ಮಾತ್ರ ದಾನಿ ತಂದ ಕಂಪ್ಯೂಟರು ಪೆಟ್ಟಿಗೆಯಲ್ಲಿಯೇ ಬೂಸಲು ಹಿಡಿಯುವುದಿಲ್ಲ.

ಆಲೂರು, ಸಕಲೇಶಪುರಗಳ ಗುಡ್ಡಗಳಲ್ಲಿ ಈಗ ಶಾಲೆಗಳಿಗೆ ಬಂದಿರುವ ಆಪತ್ತು ಹಳೆಯದಲ್ಲ. ಶಾಲೆಯಿಲ್ಲದ ಕಾಲ ಕಳೆಯಿತು. ಮಕ್ಕಳಿಲ್ಲದ ಕಾಲ ಬಂದಿದೆ. ಸಂಸಾರಗಳು ಪಟ್ಟಣ ಸೇರುತ್ತಿವೆ. ಅನುಕೂಲವುಳ್ಳವರು ಮಕ್ಕಳನ್ನು ಇಂಗ್ಲಿಷ್ ಮಾಧ್ಯಮದ ಶಾಲೆಗಳ ವ್ಯಾನಿಗೆ ಹತ್ತಿಸುತ್ತಿದ್ದಾರೆ. ಹತ್ತಕ್ಕಿಂತ ಕಡಿಮೆ ಮಕ್ಕಳಿರುವ ಸರ್ಕಾರಿ ಶಾಲೆಗಳು ಕರ್ನಾಟಕದಲ್ಲಿ ಸಾವಿರಕ್ಕೂ ಹೆಚ್ಚಿವೆ. ಅವುಗಳನ್ನು ಸಮೀಪದ ದೊಡ್ಡ ಶಾಲೆಗೆ ಸೇರಿಸಿದರೆ ಮಕ್ಕಳಿಗೆ ಜೊತೆಗಾರರೂ ತರಗತಿಗೊಬ್ಬ ಉಪಾಧ್ಯಾಯರೂ ದೊರೆಯುವರೆಂಬ ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಸಮೀಪವೆಂಬ ಮಾತಿಗೆ ಮಲೆನಾಡಿನಲ್ಲಿ ಅರ್ಥ ಬೇರೆ. ನಕಾಶೆಯ ಮೇಲೆ ಒಂದೂವರೆ ಕಿಲೋಮೀಟರು ಕಾಣುವುದು ಹಳ್ಳ ಉಕ್ಕಿದ ದಿನ ನಾಲ್ಕಾಗುತ್ತದೆ. ಜೊತೆಗೆ ಕಾಡಾನೆಗಳ ಭಯ. 2014ರಲ್ಲಿ ಈ ಸೀಮೆಯಿಂದ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಬೇರೆಡೆಗೆ ಸಾಗಿಸಿದರೂ ಅವುಗಳ ಸಂಚಾರ ನಿಂತಿಲ್ಲ. ಕಾಫಿ ಗಿಡಗಳ ನಡುವಿನ ಕಾಲುದಾರಿಯಲ್ಲಿ ಏಳು ವರ್ಷದ ಮಗುವನ್ನು ಒಂಟಿಯಾಗಿ ಕಳುಹಿಸಲು ಯಾವ ತಾಯಿ ಒಪ್ಪುವಳು? ಶಾಲೆ ಮುಚ್ಚಿದಾಗ ಅದರ ಹೊಡೆತ ಮೊದಲು ಬೀಳುವುದು ವ್ಯಾನಿಗೆ ಹಣ ಕಟ್ಟಲಾರದ ಲೈನುಮನೆಯ ಮಕ್ಕಳ ಮೇಲೆ. ಅವರಲ್ಲಿ ಕೆಲವರು ಅಸ್ಸಾಮಿನಂಥ ದೂರದ ರಾಜ್ಯಗಳಿಂದ ಕೆಲಸಕ್ಕೆ ಬಂದವರ ಮಕ್ಕಳು; ಕನ್ನಡದ ಅಕ್ಷರವನ್ನು ಅವರು ಕಾಣುವುದು ಈ ಶಾಲೆಯ ಗೋಡೆಯ ಮೇಲೆಯೇ.

ಆದುದರಿಂದ ಇಲ್ಲಿನ ಶಾಲೆಗೆ ನೆರವಾಗಬಯಸುವವರು ತರಬೇಕಾದುದು ಬಣ್ಣದ ಕಮಾನು, ಹೆಸರು ಕೊರೆದ ಕಲ್ಲುಗಳನ್ನಲ್ಲ. ಮಕ್ಕಳನ್ನು ಕರೆತರುವ ಒಂದು ಜೀಪಿನ ಬಾಡಿಗೆ, ಒಂದು ಜೊತೆ ಕೊಡೆ, ಓದಲು ಕನ್ನಡದ ಕಥೆಪುಸ್ತಕಗಳು, ಒಬ್ಬರೇ ಇರುವ ಉಪಾಧ್ಯಾಯರು ರಜೆ ಹಾಕಿದ ದಿನ ಬಂದು ಕೂರಬಲ್ಲ ಊರಿನ ಓದಿದ ತರುಣಿಗೊಂದು ಗೌರವಧನ – ಬೇಕಾದುದು ಇಂಥವು. ಇವು ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲ.

ಮಾಡಿನ ಕೆಲಸಕ್ಕಂತೂ ಕಾಲ ನೋಡಬೇಕು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಆಳು ದೊರೆಯುವುದಿಲ್ಲ. ಜೂನ್ ಬಂದರೆ ಮಾಡು ಹತ್ತುವಂತಿಲ್ಲ. ಕೊಯ್ಲು ಮುಗಿದು ಊರವರ ಕೈಯಲ್ಲಿ ನಾಲ್ಕು ಕಾಸು ಆಡುವ ಮಾರ್ಚಿಯಿಂದ ಮೇ ತಿಂಗಳವರೆಗಿನ ಅವಧಿಯೇ ತಕ್ಕ ಸಮಯ. ಆದರೆ ಏಪ್ರಿಲಿನಲ್ಲಿ ಬೇಸಗೆ ರಜೆ ಆರಂಭವಾಗಿ ಶಾಲೆಗೆ ಬೀಗ ಬೀಳುತ್ತದೆ. ಬಲ್ಲ ಸಮಿತಿಯವರು ರಜೆಗೆ ಮೊದಲೇ ಮುಖ್ಯೋಪಾಧ್ಯಾಯರಿಂದ ಬೀಗದ ಕೈ ಕೇಳಿಟ್ಟುಕೊಂಡು, ಒಡೆದ ಹೆಂಚುಗಳನ್ನು ಎಣಿಸಿ, ಹತ್ತಿಪ್ಪತ್ತು ಹೆಚ್ಚಿನ ಹೆಂಚುಗಳನ್ನು ಜಗಲಿಯ ಮೂಲೆಯಲ್ಲಿ ಜೋಡಿಸಿಟ್ಟಿರುತ್ತಾರೆ.